ನಿದ್ರೆಯ ವೇಗವನ್ನು ತಡೆಯಬಾರದು

ವೇಗ ಎಂಬ ಪದಕ್ಕೆ ಇಂದಿನ ಮಾತಿನಲ್ಲಿ ಹೆಚ್ಚಾಗಿ ಒಂದೇ ಅರ್ಥ ಉಳಿದಿದೆ. ಲಾರಿಯ ವೇಗ, ಬಸ್ಸಿನ ವೇಗ, ಬೈಕಿನ ವೇಗ. ಆಯುರ್ವೇದದಲ್ಲಿ ಈ ಪದಕ್ಕೆ ಬೇರೊಂದು ಅರ್ಥವಿದೆ. ಹಸಿವು, ಬಾಯಾರಿಕೆ, ಮಲ, ಮೂತ್ರ, ಸೀನು, ಆಕಳಿಕೆ, ಕಣ್ಣೀರು, ನಿದ್ರೆ ಮೊದಲಾಗಿ ಶರೀರವು ತಾನಾಗಿಯೇ ಎಬ್ಬಿಸುವ ಒತ್ತಡಗಳಿಗೆ ಶಾಸ್ತ್ರದಲ್ಲಿ ವೇಗಗಳೆಂದು ಹೆಸರು. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಇಂತಹ 13 ವೇಗಗಳನ್ನು ಹೇಳಿ, ಇವುಗಳನ್ನು ಬಲವಂತವಾಗಿ ತಡೆಯಬಾರದೆಂದು ವಿಧಿಸಲಾಗಿದೆ. ತಡೆದರೆ ಯಾವ ಯಾವ ರೋಗಗಳು ಬರುತ್ತವೆಂಬುದನ್ನೂ ವಿವರಿಸಲಾಗಿದೆ. ಅದೇ ಅಧ್ಯಾಯದಲ್ಲಿ ಇನ್ನೊಂದು ಪಟ್ಟಿಯೂ ಇದೆ. ಅದು ಮನುಷ್ಯನು ತಡೆಯಲೇಬೇಕಾದ ವೇಗಗಳ ಪಟ್ಟಿ. ಶಕ್ತಿಮೀರಿದ ಸಾಹಸ, ಲೋಭ, ಕ್ರೋಧ, ಅಹಂಕಾರ ಮುಂತಾದವು ಅದರಲ್ಲಿ ಸೇರಿವೆ.

ನಮ್ಮ ಹೆದ್ದಾರಿಗಳಲ್ಲಿ ಈ ಎರಡು ಪಟ್ಟಿಗಳು ಅದಲುಬದಲಾಗಿವೆ. ತಡೆಯಬಾರದ ನಿದ್ರೆಯನ್ನು ತಡೆಯಲಾಗುತ್ತಿದೆ. ತಡೆಯಬೇಕಾದ ಲೋಭ, ಸಾಹಸಗಳನ್ನು ಬಿಟ್ಟುಬಿಡಲಾಗಿದೆ. ಲಾರಿ ಅಪಘಾತಗಳನ್ನು ಕುರಿತು ಆರೋಗ್ಯ ವಿಭಾಗದಲ್ಲಿ ಬರೆಯುವುದೇಕೆಂದು ಓದುಗರು ಕೇಳಬಹುದು. ರಸ್ತೆಯ ಮೇಲೆ ಮುರಿಯುವುದು ಶರೀರವೇ ಆದ್ದರಿಂದ, ಮತ್ತು ಮುರಿಯುವ ಮುನ್ನ ಆ ಶರೀರವು ಅನೇಕ ಬಾರಿ ಎಚ್ಚರಿಕೆ ಕೊಟ್ಟಿರುವುದರಿಂದ ಈ ವಿಷಯವು ವೈದ್ಯರದ್ದೂ ಹೌದು ಎಂದು ನಾವು ನಂಬಿದ್ದೇವೆ.

ಊರಿನ ಮೇಲೆ ಹಾದುಹೋಗುವ ದಾರಿಗಳು

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳನ್ನು ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 948 ಸಂತೆಮರಹಳ್ಳಿಯ ಮೂಲಕ ಚಾಮರಾಜನಗರಕ್ಕೆ ಹೋಗುತ್ತದೆ. ಅಲ್ಲಿಂದ ಪುಣಜನೂರಿನ ಕಾಡನ್ನು ಹೊಕ್ಕು, ತಮಿಳುನಾಡಿನ ಹಾಸನೂರು ಮತ್ತು 27 ಕಡಿದಾದ ತಿರುವುಗಳ ದಿಂಬಂ ಘಾಟಿಯ ಮೂಲಕ ಸತ್ಯಮಂಗಲ, ಕೊಯಮತ್ತೂರುಗಳಿಗೆ ಇಳಿಯುತ್ತದೆ. ಹಿರಿಯರು ಇದನ್ನು ಇನ್ನೂ 209 ಎಂದೇ ಕರೆಯುವುದುಂಟು. ಮೈಸೂರು, ನಂಜನಗೂಡುಗಳ ಕಡೆಯಿಂದ ಬರುವ ಇನ್ನೊಂದು ಹೆದ್ದಾರಿಯು ಗುಂಡ್ಲುಪೇಟೆಯಲ್ಲಿ ಎರಡಾಗಿ ಒಡೆಯುತ್ತದೆ. ಒಂದು ಕವಲು 766ನೆಯ ಸಂಖ್ಯೆಯಲ್ಲಿ ಮದ್ದೂರು, ಮೂಲೆಹೊಳೆಗಳ ಕಡೆಯಿಂದ ಸುಲ್ತಾನ್ ಬತ್ತೇರಿಗೆ, ಮುಂದೆ ಕೋಳಿಕ್ಕೋಡಿಗೆ ಹೋಗುತ್ತದೆ. ಇನ್ನೊಂದು ಬಂಡೀಪುರದ ಮೂಲಕ ಗೂಡಲೂರು, ಉದಕಮಂಡಲಗಳಿಗೆ ಏರುತ್ತದೆ.

ನಾವು ವೈದ್ಯವೃತ್ತಿಯನ್ನು ಆರಂಭಿಸಿದಾಗ ಈ ಪ್ರದೇಶವು ಇನ್ನೂ ಮೈಸೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಆಗ ಸಂತೆಯ ದಿನ ಎತ್ತಿನ ಗಾಡಿಗಳ ಸಾಲೇ ಸಾಲು. ಸಂತೆ ಮುಗಿಸಿ ಹಿಂದಿರುಗುವಾಗ ಗಾಡಿ ಹೊಡೆಯುವವನು ಹುಲ್ಲಿನ ಮೇಲೆ ಒರಗಿ ನಿದ್ದೆಹೋಗುತ್ತಿದ್ದನು. ಎತ್ತುಗಳಿಗೆ ಮನೆಯ ದಾರಿ ತಿಳಿದಿತ್ತು. ಅವನು ಕಣ್ಣು ಬಿಡುವ ವೇಳೆಗೆ ಗಾಡಿ ಹಟ್ಟಿಯ ಮುಂದೆ ನಿಂತಿರುತ್ತಿತ್ತು. ಇಂದು ಅದೇ ದಾರಿಯಲ್ಲಿ ಕರಿಕಲ್ಲಿನ ದಿಮ್ಮಿ ಹೊತ್ತ ಲಾರಿಗಳು, ಜಲ್ಲಿ ಟಿಪ್ಪರ್‌ಗಳು, ಕಬ್ಬಿನ ಟ್ರ್ಯಾಕ್ಟರ್‌ಗಳು, ಬಾಳೆ, ಅರಿಶಿನ, ತರಕಾರಿಯ ವಾಹನಗಳು ಓಡುತ್ತಿವೆ. ಚಾಲಕನು ಕಣ್ಣು ಮುಚ್ಚಿದರೆ ಮನೆಗೆ ಮುಟ್ಟಿಸುವ ಎತ್ತುಗಳು ಇವುಗಳಿಗಿಲ್ಲ.

ನಾವು ಕೇಳದೆ ಹೋದ ಪ್ರಶ್ನೆ

ಕೆಲವು ವರ್ಷಗಳ ಹಿಂದಿನ ಮಾತು. ಸಮೀಪದ ಹಳ್ಳಿಯ ಲಾರಿ ಚಾಲಕರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು ನಲವತ್ತರ ಆಸುಪಾಸು. ಸೊಂಟನೋವು, ಕಣ್ಣುರಿ, ತಲೆಭಾರ, ಹೊಟ್ಟೆಯಲ್ಲಿ ಉರಿ ಎಂದರು. ಪರೀಕ್ಷಿಸಿ ಸೊಂಟಕ್ಕೆ ತೈಲವನ್ನೂ, ಕಣ್ಣು ತೊಳೆಯಲು ತ್ರಿಫಲಾ ಕಷಾಯವನ್ನೂ, ಹೊಟ್ಟೆಗೆ ಚೂರ್ಣವನ್ನೂ ಕೊಟ್ಟೆವು. ಎದ್ದು ಹೊರಡುವಾಗ ಅವರು ಬಾಗಿಲಿನಲ್ಲಿ ನಿಂತು ಕೇಳಿದರು:

"ರಾತ್ರ ನಿದ್ದ ಬರ್ದಂಗ ಏನಾರ ಇದ್ರ ಕೊಡಿ ಸ್ವಾಮಿ."

ನಾವು ನಕ್ಕು, ನಿದ್ದೆ ಬರುವುದಕ್ಕೆ ಔಷಧ ಕೇಳುವವರೇ ಹೆಚ್ಚು, ಬಾರದಿರುವುದಕ್ಕೆ ಕೇಳಿದವರು ನೀವೊಬ್ಬರೇ ಎಂದು ಹೇಳಿ ಕಳುಹಿಸಿದೆವು. ಹೊರಗೆ ಇನ್ನೂ ಹತ್ತು ಮಂದಿ ಕಾಯುತ್ತಿದ್ದರು.

ಅವರ ದಿನಚರಿ ಏನಾಗಿತ್ತೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಮಧ್ಯಾಹ್ನ ತೆರಕಣಾಂಬಿಯ ಕಡೆ ತರಕಾರಿ ತುಂಬಿಸುವುದು. ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಮುಚ್ಚುವ ಮೊದಲು ದಾಟಿಬಿಡುವುದು. ನಡುರಾತ್ರಿಯ ಮೇಲೆ ಕೇರಳದ ಮಾರುಕಟ್ಟೆಯಲ್ಲಿ ಇಳಿಸುವುದು. ಕೂಡಲೇ ಹೊರಟು ಬೆಳಗಿನ ಆರಕ್ಕೆ ಗೇಟು ತೆರೆಯುವ ಹೊತ್ತಿಗೆ ಸಾಲಿನಲ್ಲಿ ನಿಂತಿರುವುದು. ಊರಿಗೆ ಬಂದು ಉಂಡು ಮತ್ತೆ ಲೋಡಿಗೆ ಹೋಗುವುದು. ನಿದ್ದೆಯೆಂದರೆ ಗೇಟಿನ ಮುಂದೆ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಒಂದು ಗಂಟೆ, ಮನೆಯಲ್ಲಿ ಎರಡು ಗಂಟೆ. ಹೀಗೆ ವಾರಕ್ಕೆ ಆರು ದಿನ.

ಅವರು ನಮ್ಮಲ್ಲಿಗೆ ಬಂದುಹೋದ ಮೂರು ವಾರಕ್ಕೆ, ಬೆಳಗ್ಗೆ ಗೇಟು ತೆರೆದು ಅರ್ಧ ಗಂಟೆಯಾಗಿರಬಹುದು, ಗುಂಡ್ಲುಪೇಟೆಗೆ ಇನ್ನೂ ಸ್ವಲ್ಪ ದೂರವಿರುವಾಗ ಲಾರಿಯು ರಸ್ತೆಯ ಅಂಚಿನಲ್ಲಿ ನಿಂತಿದ್ದ ಟ್ರೈಲರ್‌ಗೆ ಹೋಗಿ ಬಡಿಯಿತು. ಮಂಜಿರಲಿಲ್ಲ, ಮಳೆಯಿರಲಿಲ್ಲ, ಬೆಳಕು ಹರಿದಿತ್ತು. ಎಡಗಡೆ ಕುಳಿತಿದ್ದ ಕ್ಲೀನರ್ ಹುಡುಗ ಅಲ್ಲಿಯೇ ತೀರಿಕೊಂಡನು. ಅವನು ಅವರ ಅಕ್ಕನ ಮಗ, ಹತ್ತೊಂಬತ್ತು ವರ್ಷ. ಇವರ ಬಲಗಾಲು ಎರಡು ಕಡೆ ಮುರಿಯಿತು.

ಏಳೆಂಟು ತಿಂಗಳ ಮೇಲೆ ಊರುಗೋಲಿನಲ್ಲಿ ಬಂದು ಅದೇ ಬೆಂಚಿನ ಮೇಲೆ ಕುಳಿತರು. "ನಿದ್ದ ಬಂದುದ್ದೇ ಗೊತ್ತಾಗ್ನಿಲ್ಲ ಸ್ವಾಮಿ" ಎಂದರು. ನಾವು ಏನನ್ನೂ ಹೇಳಲಾರದೆ ಹೋದೆವು. ಬಾಗಿಲಿನಲ್ಲಿ ನಿಂತು ಕೇಳಿದ ಆ ಒಂದು ಮಾತಿನಲ್ಲಿ ಇಡೀ ರೋಗನಿದಾನವಿತ್ತು. ಎಷ್ಟು ಹೊತ್ತು ಮಲಗುತ್ತೀರಿ ಎಂದು ನಾವು ಕೇಳಬೇಕಾಗಿತ್ತು; ಕೇಳಲಿಲ್ಲ. ಈ ಲೇಖನವು ಒಂದರ್ಥದಲ್ಲಿ ಆ ಲೋಪಕ್ಕೆ ನಾವು ತೆರುತ್ತಿರುವ ಕಿರುಗಾಣಿಕೆ.

ಲೆಕ್ಕದಲ್ಲಿ ಕಾಣದ ಕಾರಣ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಮಂದಿ ಮೃತಪಟ್ಟರು. ಕರ್ನಾಟಕವೊಂದರಲ್ಲೇ ಮೃತಪಟ್ಟವರು 11,702 ಮಂದಿ. ಎಂದರೆ ದಿನವೊಂದಕ್ಕೆ ಸರಾಸರಿ 32 ಮನೆಗಳಲ್ಲಿ ಸೂತಕ. ದೇಶದ ಒಟ್ಟು ರಸ್ತೆಗಳ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಶೇ. 2ರಷ್ಟು ಮಾತ್ರ, ಆದರೆ ಸಾವುಗಳಲ್ಲಿ ಅವುಗಳ ಪಾಲು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು.

ಆ ವರದಿಯಲ್ಲಿ ಸಂಚಾರ ನಿಯಮಗಳ ಉಲ್ಲಂಘನೆಯನ್ನು ವಿಂಗಡಿಸಿದ್ದಾರೆ: ಅತಿವೇಗ, ಮದ್ಯಪಾನ, ವಿರುದ್ಧ ದಿಕ್ಕಿನ ಚಾಲನೆ, ಕೆಂಪು ದೀಪ ದಾಟುವಿಕೆ, ಮೊಬೈಲ್ ಬಳಕೆ, ಇತರೆ. ನಿದ್ರೆಗೆ ಅಲ್ಲಿ ಪ್ರತ್ಯೇಕ ಸಾಲಿಲ್ಲ. ಇದಕ್ಕೆ ಕಾರಣ ಸ್ಪಷ್ಟ. ಮದ್ಯವನ್ನು ಉಸಿರಿನಿಂದಲೂ ರಕ್ತದಿಂದಲೂ ಅಳೆಯಬಹುದು. ನಿದ್ದೆಗೆಟ್ಟದ್ದನ್ನು ಅಳೆಯುವ ಉಪಕರಣ ಪೊಲೀಸರ ಕೈಯಲ್ಲಿಲ್ಲ. ಡಿಕ್ಕಿಯ ಸದ್ದಿಗೆ ಎಚ್ಚೆತ್ತ ಚಾಲಕನ ಕಣ್ಣಿನಲ್ಲಿ ನಿದ್ದೆಯ ಗುರುತೇ ಇರುವುದಿಲ್ಲ. ಬ್ರೇಕ್ ಹಾಕಿದ ಗುರುತು ರಸ್ತೆಯ ಮೇಲೆ ಇಲ್ಲದಿರುವುದೊಂದೇ ಸುಳಿವು. ಅದನ್ನೂ ಅತಿವೇಗ, ಅಜಾಗರೂಕತೆ ಎಂದು ಬರೆದುಕೊಳ್ಳುವುದೇ ರೂಢಿ.

ನಿದ್ದೆಗೆಟ್ಟ ಶರೀರದಲ್ಲಿ ಆಗುವುದೇನು?

ನಿದ್ರೆಯ ವೇಗವನ್ನು ತಡೆದವನಿಗೆ ಆಕಳಿಕೆ, ಮೈನೋವು, ತೂಕಡಿಕೆ, ತಲೆಯ ಬೇನೆ, ಕಣ್ಣಿನ ಭಾರ ಉಂಟಾಗುತ್ತವೆ ಎಂದು ಚರಕರು ಹೇಳಿದ್ದಾರೆ. ನಮ್ಮ ಆ ಚಾಲಕರು ಹೇಳಿಕೊಂಡ ಲಕ್ಷಣಗಳಲ್ಲಿ ಹೆಚ್ಚಿನವು ಇವೇ ಆಗಿದ್ದವು. ಇದಕ್ಕೆ ಚಿಕಿತ್ಸೆಯಾಗಿ ಅವರು ಹೇಳುವುದು ಎರಡನ್ನೇ: ನಿದ್ರಿಸುವುದು ಮತ್ತು ಮೈಯನ್ನು ಹಿತವಾಗಿ ಒತ್ತಿಸಿಕೊಳ್ಳುವುದು. ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಶರೀರದ ಉಪಸ್ತಂಭಗಳೆಂದು ಕರೆಯಲಾಗಿದೆ. ಮನೆಯ ಒಂದು ಕಂಬ ಕಿತ್ತರೆ ಇನ್ನೆರಡಕ್ಕೆ ಬಣ್ಣ ಬಳಿದು ಫಲವಿಲ್ಲ.

ಆಧುನಿಕ ವೈದ್ಯವಿಜ್ಞಾನವೂ ಇದನ್ನೇ ಅಳತೆ ಮಾಡಿ ತೋರಿಸಿದೆ. ಸತತವಾಗಿ 17 ಗಂಟೆ ಎಚ್ಚರವಿದ್ದವನ ಕೈಕಣ್ಣುಗಳ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ದೇಶದ ಮೋಟಾರು ವಾಹನ ಕಾಯಿದೆ ಚಾಲಕರಿಗೆ ಹಾಕಿರುವ ಮಿತಿ 30 ಮಿಲಿಗ್ರಾಂ. ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಇನ್ನೂ ವಾಹನ ಓಡಿಸುತ್ತಿರುವ ಮನುಷ್ಯನು ಒಂದು ಹನಿ ಮದ್ಯ ಮುಟ್ಟದಿದ್ದರೂ ಕುಡಿದವನ ಸ್ಥಿತಿಯಲ್ಲಿಯೇ ಇರುತ್ತಾನೆ. 24 ಗಂಟೆ ನಿದ್ದೆಗೆಟ್ಟರೆ ಈ ಮಟ್ಟವು 100 ಮಿಲಿಗ್ರಾಂಗೆ ಸಮನಾಗುತ್ತದೆ.

ಇನ್ನೊಂದು ಅಪಾಯವಿದೆ. ಬಹಳ ದಣಿದ ಮೆದುಳು, ಕಣ್ಣು ತೆರೆದಿರುವಾಗಲೇ ಎರಡು ಮೂರು ಸೆಕೆಂಡುಗಳ ಕಾಲ ನಿದ್ರೆಗೆ ಜಾರುತ್ತದೆ. ಅದು ಆ ವ್ಯಕ್ತಿಗೆ ತಿಳಿಯುವುದೇ ಇಲ್ಲ. ಗಂಟೆಗೆ 60 ಕಿ.ಮೀ. ವೇಗದ ಲಾರಿಯು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಚಲಿಸುತ್ತದೆ. ಮೂರು ಸೆಕೆಂಡಿಗೆ 50 ಮೀಟರ್. ಎಂದರೆ ಊರ ಶಾಲೆಯ ಆಟದ ಬಯಲಿನ ಉದ್ದವನ್ನು ಚಾಲಕನಿಲ್ಲದ ಲಾರಿಯೊಂದು ದಾಟಿದಂತೆ. ನಡುರಾತ್ರಿ ಎರಡರಿಂದ ಬೆಳಗಿನ ಆರರವರೆಗೆ, ಮತ್ತೆ ಮಧ್ಯಾಹ್ನ ಊಟದ ಮೇಲೆ ಎರಡರಿಂದ ನಾಲ್ಕರವರೆಗೆ ನಿದ್ರೆಯ ಸೆಳೆತ ಪ್ರಬಲವಾಗಿರುತ್ತದೆ. ಇದು ಶರೀರದ ಒಳಗಡಿಯಾರದ ನಿಯಮ. ಮನೋಬಲದಿಂದ ಇದನ್ನು ಗೆಲ್ಲುತ್ತೇನೆಂಬುದು ಭ್ರಮೆ. ಟೀ, ಕಾಫಿಗಳು ಸ್ವಲ್ಪ ಹೊತ್ತು ಮುಂದೂಡುತ್ತವೆಯೇ ಹೊರತು ನಿದ್ರೆಯ ಸಾಲವನ್ನು ತೀರಿಸುವುದಿಲ್ಲ. ಕಿಟಕಿ ತೆರೆಯುವುದು, ಹಾಡು ಹಾಕುವುದು, ಮುಖಕ್ಕೆ ನೀರು ಹಾಕಿಕೊಳ್ಳುವುದು ಕೆಲವೇ ನಿಮಿಷಗಳ ಉಪಾಯ. ಗುಟ್ಕಾ, ಹೊಗೆಸೊಪ್ಪುಗಳಿಂದ ನಿದ್ದೆ ಹೋಗುತ್ತದೆಂದು ನಂಬಿದ ಎಷ್ಟೋ ಚಾಲಕರ ಬಾಯಿಯಲ್ಲಿ ಹುಣ್ಣುಗಳನ್ನು ನಾವು ಕಂಡಿದ್ದೇವೆ.

ಶಾಸ್ತ್ರದ ಅನುಮತಿ, ಕಾನೂನಿನ ವಿಧಿ

ಹಗಲುನಿದ್ದೆಯು ಕಫಪಿತ್ತಗಳನ್ನು ಕೆರಳಿಸುತ್ತದೆ, ಬೇಸಿಗೆಯ ಹೊರತು ಹಗಲು ಮಲಗಬಾರದು ಎಂದು ಆಯುರ್ವೇದವು ಹೇಳುತ್ತದೆಂಬುದು ಅನೇಕರಿಗೆ ಗೊತ್ತು. ಮನೆಯ ಹಿರಿಯರು ಇದನ್ನೇ ಹೇಳಿ ಹಗಲು ಮಲಗಿದ ಮಕ್ಕಳನ್ನು ಎಬ್ಬಿಸುತ್ತಾರೆ. ಆದರೆ ಅದೇ ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಯಾವ ಕಾಲದಲ್ಲಾದರೂ ಹಗಲು ಮಲಗಬಹುದಾದವರ ದೊಡ್ಡ ಪಟ್ಟಿಯಿದೆ. ದಾರಿ ನಡೆದು, ಹೊರೆ ಹೊತ್ತು ಬಳಲಿದವರ ಜೊತೆಗೆ ವಾಹನ ಪ್ರಯಾಣದಿಂದ ದಣಿದವರು ಮತ್ತು ರಾತ್ರಿ ಎಚ್ಚರವಿದ್ದವರು ಅದರಲ್ಲಿ ಸ್ಪಷ್ಟವಾಗಿ ಬರುತ್ತಾರೆ. ವಾಗ್ಭಟರ ಅಷ್ಟಾಂಗಹೃದಯವು ಇನ್ನೂ ಖಚಿತವಾದ ಅಳತೆಯನ್ನು ಕೊಡುತ್ತದೆ: ರೂಢಿಯಿಲ್ಲದೆ ರಾತ್ರಿ ಎಷ್ಟು ಹೊತ್ತು ಎಚ್ಚರವಿದ್ದೆವೋ ಅದರ ಅರ್ಧದಷ್ಟು ಹೊತ್ತು ಮರುದಿನ ಬೆಳಗ್ಗೆ ಊಟಕ್ಕೆ ಮೊದಲೇ ಮಲಗಬೇಕು. ರಾತ್ರಿ ಎಂಟು ಗಂಟೆ ವಾಹನ ಓಡಿಸಿ ಬಂದವರು ಬೆಳಗ್ಗೆ ಖಾಲಿಹೊಟ್ಟೆಯಲ್ಲಿ ಅಥವಾ ಸ್ವಲ್ಪ ಗಂಜಿ ಕುಡಿದು ನಾಲ್ಕು ಗಂಟೆಯಾದರೂ ಮಲಗುವುದನ್ನು ರೂಢಿಸಿಕೊಳ್ಳಬೇಕು. ಬಂದೊಡನೆ ಹೊಟ್ಟೆಬಿರಿಯೆ ಉಂಡು ಮಲಗಿದರೆ ಅಜೀರ್ಣ, ಎದೆಯುರಿ, ಬೊಜ್ಜುಗಳು ಬೆನ್ನುಹತ್ತುತ್ತವೆ. ಇಂತಹವರನ್ನು ಮನೆಯವರು ಸೋಮಾರಿಗಳೆಂದು ಎಬ್ಬಿಸಬಾರದು. ಮಕ್ಕಳನ್ನು ಹೊರಗೆ ಆಡಿಸಿ, ಟಿ.ವಿ. ನಿಲ್ಲಿಸಿ, ಮೊಬೈಲನ್ನು ಬೇರೆ ಕಡೆ ಇರಿಸಿ, ಕೋಣೆಯನ್ನು ಕತ್ತಲೆ ಮಾಡಿಕೊಡುವುದೇ ಮನೆಯವರು ಕೊಡಬಹುದಾದ ಔಷಧ.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯ ಪ್ರಕಾರ ಚಾಲಕರ ಕೆಲಸ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಆಗಿತ್ತು. ಸತತವಾಗಿ 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಲೇಬೇಕಾಗಿತ್ತು. ಆದರೆ ಈ ಕಾಯಿದೆಯು ಐದು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತಿತ್ತು. ಸಾಲ ಮಾಡಿ ಒಂದೇ ಲಾರಿ ಕೊಂಡು ತಾನೇ ಓಡಿಸುವವನಿಗೆ ಅವನೇ ಮಾಲೀಕ, ಅವನೇ ಕಾರ್ಮಿಕ. ಅವನನ್ನು ಮಲಗು ಎನ್ನುವವರು ಮನೆಯವರ ಹೊರತು ಯಾರೂ ಇಲ್ಲ.

ಮುಚ್ಚಿದ ಗೇಟು ಹೇಳುವ ಪಾಠ

ಬಂಡೀಪುರದ ಕಾಡಿನೊಳಗೆ ಹಾಯುವ ಎರಡು ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ದಿಂಬಂ ಘಾಟಿಯಲ್ಲಿಯೂ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರುವರಿಯಿಂದ ರಾತ್ರಿ ನಿರ್ಬಂಧ ಜಾರಿಗೆ ಬಂದಿತು. ಆನೆ, ಹುಲಿ, ಜಿಂಕೆಗಳು ಚಕ್ರಕ್ಕೆ ಸಿಕ್ಕಿ ಸಾಯಬಾರದೆಂಬುದು ಇದರ ಉದ್ದೇಶ. ವ್ಯಾಪಾರಕ್ಕೆ ತೊಂದರೆಯೆಂದು ಇದನ್ನು ವಿರೋಧಿಸುವವರೂ ಇದ್ದಾರೆ. ಆ ವಾದಕ್ಕೆ ನಾವು ಹೋಗುವುದಿಲ್ಲ. ವೈದ್ಯರ ಕಣ್ಣಿಗೆ ಇಲ್ಲಿ ಕಾಣುವುದು ಬೇರೆ ಸಂಗತಿ.

ಬಂಡೀಪುರದ ಗೇಟು ಒಂಬತ್ತು ಗಂಟೆ ಮುಚ್ಚಿರುತ್ತದೆ. ಒಬ್ಬ ಮನುಷ್ಯನಿಗೆ ಊಟಕ್ಕೂ ನಿದ್ರೆಗೂ ಬೇಕಾದಷ್ಟೇ ಹೊತ್ತು ಅದು. ಆದರೆ ನಡೆಯುತ್ತಿರುವುದೇನು? ಸಂಜೆಯಾದಂತೆ ಗೇಟು ಮುಚ್ಚುವ ಮುನ್ನ ದಾಟಬೇಕೆಂಬ ಓಟ. ದಾಟಲಾಗದವರು ರಸ್ತೆಯಂಚಿನಲ್ಲಿ ಲಾರಿ ನಿಲ್ಲಿಸಿ, ಸೊಳ್ಳೆ, ಸೆಕೆ, ಸರಕು ಮತ್ತು ಡೀಸೆಲ್ ಕಳ್ಳತನದ ಭಯಗಳ ನಡುವೆ ಸೀಟಿನ ಮೇಲೆ ಮುದುಡಿಕೊಳ್ಳುತ್ತಾರೆ. ಬೆಳಗ್ಗೆ ಆರಕ್ಕೆ ಅರೆನಿದ್ದೆಯಲ್ಲಿಯೇ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಮೃಗಗಳಿಗೆ ದೊರೆತ ವಿರಾಮವು ಮನುಷ್ಯನಿಗೆ ದೊರೆಯದೆ ಹೋಗಿದೆ.

ನಮ್ಮ ಹಿರಿಯರು ದಾರಿಬದಿಯಲ್ಲಿ ಅರವಟಿಗೆಗಳನ್ನು ಇಟ್ಟರು, ಮಂಟಪಗಳನ್ನು ಕಟ್ಟಿಸಿದರು, ತಲೆಯ ಹೊರೆಯನ್ನು ಯಾರ ಸಹಾಯವೂ ಇಲ್ಲದೆ ಇಳಿಸಿಕೊಳ್ಳಲೆಂದು ಹೊರೆಗಲ್ಲುಗಳನ್ನು ನಿಲ್ಲಿಸಿದರು. ಇಂದು ಹೊರೆಯು ತಲೆಯಿಂದ ಲಾರಿಗೆ ಹೋಗಿದೆ. ದಣಿವು ಮನುಷ್ಯನಲ್ಲಿಯೇ ಉಳಿದಿದೆ. ಗುಂಡ್ಲುಪೇಟೆ, ಚಾಮರಾಜನಗರ, ಸಂತೆಮರಹಳ್ಳಿಗಳ ಸಮೀಪ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕಾವಲು, ದೀಪ, ಶೌಚಾಲಯ, ಸ್ನಾನಕ್ಕೆ ನೀರು, ಮಲಗಲು ಒಂದು ಚಾವಡಿ ಇರುವ ತಂಗುದಾಣಗಳಾದರೆ ಅವೇ ಈ ಕಾಲದ ಹೊರೆಗಲ್ಲುಗಳು. ಪಂಚಾಯಿತಿಗಳೂ, ಲಾರಿ ಮಾಲೀಕರ ಸಂಘಗಳೂ, ದಾಸೋಹದ ಪರಂಪರೆಯುಳ್ಳ ಸಂಸ್ಥೆಗಳೂ ಇದನ್ನು ಯೋಚಿಸಬಹುದು. ಹಸಿದವನಿಗೆ ಅನ್ನವಿಕ್ಕುವಂತೆಯೇ ನಿದ್ದೆಗೆಟ್ಟವನಿಗೆ ಚಾಪೆ ಹಾಸುವುದೂ ಪುಣ್ಯದ ಕೆಲಸ.

ಚಾಲಕರಿಗೆ ಮತ್ತು ಮಾಲೀಕರಿಗೆ ಕೆಲವು ಸೂಚನೆಗಳು

ದಿನಕ್ಕೆ ಏಳು ಗಂಟೆಯ ನಿದ್ರೆಯನ್ನು ಲೋಡಿನ ಹಾಗೆಯೇ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಒಟ್ಟಿಗೆ ಸಿಗದಿದ್ದರೆ ರಾತ್ರಿ ಐದು, ಹಗಲು ಎರಡು ಎಂದಾದರೂ ಹಂಚಿಕೊಳ್ಳಬೇಕು.

ಆಕಳಿಕೆ ಮೇಲಿಂದ ಮೇಲೆ ಬರುವುದು, ಕಣ್ಣು ಉರಿದು ರೆಪ್ಪೆ ಭಾರವಾಗುವುದು, ದಾಟಿಬಂದ ಊರು ನೆನಪಿಗೆ ಬಾರದಿರುವುದು, ಲಾರಿ ತಾನಾಗಿಯೇ ಅಂಚಿಗೆ ಸರಿಯುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಬೇಕು. ಎದ್ದೊಡನೆ ಹೊರಡದೆ ಹತ್ತು ನಿಮಿಷ ಅಡ್ಡಾಡಿ ಮುಖ ತೊಳೆದು ಹೊರಡಬೇಕು.

ನಿಲ್ಲಿಸುವಾಗ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ದೀಪಗಳನ್ನು ಮಿನುಗಿಸಿ, ಹಿಂದೆ ಪ್ರತಿಫಲಿಸುವ ತ್ರಿಕೋನ ಫಲಕವನ್ನಿಡಬೇಕು. ಟ್ರೈಲರ್‌ಗಳ ಹಿಂಭಾಗಕ್ಕೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸುವ ಖರ್ಚು ಬಹಳ ಸ್ವಲ್ಪ. ನಮ್ಮ ರೈತಬಂಧುಗಳು ಕಬ್ಬಿನ ಕಾಲ ಬರುವ ಮುನ್ನವೇ ಇದನ್ನು ಮಾಡಿಸಬೇಕು.

ರಾತ್ರಿಯ ಓಟಕ್ಕೆ ಮುನ್ನ ಹೊಟ್ಟೆತುಂಬ ಅನ್ನ, ಮಾಂಸ, ಕರಿದ ತಿಂಡಿ ಬೇಡ. ಮಿತವಾದ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಹಿತ. ಮೂತ್ರವನ್ನು ತಡೆಯಬಾರದು, ನೀರು ಕುಡಿಯದೆ ಇರಬಾರದು. ಈ ಎರಡರಿಂದ ಮೂತ್ರದ ಕಲ್ಲಾಗಿ ನರಳುವ ಚಾಲಕರು ಬಹಳ ಮಂದಿ.

ಶೀತ, ಕೆಮ್ಮು, ತುರಿಕೆಗಳಿಗೆ ಅಂಗಡಿಯಲ್ಲಿ ಕೊಡುವ ಎಷ್ಟೋ ಮಾತ್ರೆಗಳು ನಿದ್ದೆ ತರಿಸುತ್ತವೆ. ಆಯುರ್ವೇದದ ಔಷಧಗಳು ನಿರಪಾಯವೆಂದು ತಿಳಿಯುವುದೂ ತಪ್ಪು. ಜಟಾಮಾಂಸಿ, ತಗರ, ಸರ್ಪಗಂಧಗಳಿರುವ ಔಷಧಗಳನ್ನು ಸೇವಿಸಿ ವಾಹನ ಓಡಿಸಬಾರದು. ಯಾವ ವೈದ್ಯರ ಬಳಿ ಹೋದರೂ ತಾವು ಚಾಲಕರೆಂಬುದನ್ನು ಮೊದಲೇ ಹೇಳಬೇಕು.

ದಪ್ಪ ಕುತ್ತಿಗೆ, ಜೋರಾದ ಗೊರಕೆ, ಗೊರಕೆಯ ನಡುವೆ ಉಸಿರು ನಿಂತು ಬೆಚ್ಚಿ ಏಳುವುದು, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಸುವುದು, ಇವು ನಿದ್ರೆಯಲ್ಲಿ ಉಸಿರುಕಟ್ಟುವ ರೋಗದ ಲಕ್ಷಣಗಳು. ಇದನ್ನು ದೊಡ್ಡ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಲೇಬೇಕು. ಕಷಾಯ ಕುಡಿದು ಕಾಯುವ ರೋಗವಲ್ಲ.

ಮಾಲೀಕರಲ್ಲಿ ನಮ್ಮದೊಂದು ವಿಜ್ಞಾಪನೆ: ಟ್ರಿಪ್ಪಿನ ಲೆಕ್ಕದಲ್ಲಿ ಹಣ ಕೊಡುವಾಗ ಚಾಲಕನ ನಿದ್ದೆಯನ್ನೂ ನಾವು ಕೊಳ್ಳುತ್ತಿದ್ದೇವೆಂಬ ಅರಿವಿರಲಿ. ಬೇಗ ಮುಟ್ಟಿಸಿದರೆ ಹೆಚ್ಚು ಹಣವೆಂಬ ಮಾತು ಚರಕರು ತಡೆಯಬೇಕೆಂದ ಲೋಭವೇ.

ಅಪಘಾತವಾದ ಮೇಲೆ ಮೊದಲ ಗಂಟೆ

ಎಷ್ಟು ಎಚ್ಚರ ವಹಿಸಿದರೂ ಅಪಘಾತಗಳು ಸಂಪೂರ್ಣ ನಿಲ್ಲುವುದಿಲ್ಲ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿಯ ಹೆದ್ದಾರಿಯಲ್ಲಿ ಗುಬ್ಬಿ ತಾಲ್ಲೂಕಿನ ಯುವಕನೊಬ್ಬನ ಮೇಲೆ ಲಾರಿ ಹರಿಯಿತು. ಶರೀರವು ಎರಡು ಭಾಗವಾಗಿದ್ದ ಆ ಸ್ಥಿತಿಯಲ್ಲಿಯೂ ಅವನು ತನ್ನ ಕಣ್ಣುಗಳನ್ನು ದಾನ ಮಾಡಿರೆಂದು ಕೇಳಿಕೊಂಡು ಪ್ರಾಣಬಿಟ್ಟನು. ಅವನ ಹೆಸರಿನಲ್ಲಿಯೇ ರಾಜ್ಯ ಸರ್ಕಾರವು ಅದೇ ವರ್ಷ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯನ್ನು ತಂದು, ಗಾಯಾಳುಗಳಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಉಚಿತಗೊಳಿಸಿತು. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಪ್ರಕಟಿಸಿದೆ. ಹಣವಿಲ್ಲವೆಂದು ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಲು ಹಿಂಜರಿಯಬೇಕಾಗಿಲ್ಲ.

ಪೊಲೀಸು, ಕೋರ್ಟು ಎಂಬ ಭಯವೂ ಬೇಡ. ನೆರವಿಗೆ ಬಂದವರಿಗೆ ತೊಂದರೆ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ 134ಎ ಕಲಮು ಸೇರಿ, ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ದೊರೆತಿದೆ. ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ.

ಅಪಘಾತ ಕಂಡೊಡನೆ 108ಕ್ಕೆ ಕರೆಮಾಡಿ, ಊರು, ಕಿಲೋಮೀಟರ್ ಕಲ್ಲು, ಗಾಯಾಳುಗಳ ಸಂಖ್ಯೆಯನ್ನು ತಿಳಿಸಬೇಕು. ಹಿಂದೆ ಬರುವ ವಾಹನಗಳನ್ನು ದೂರದಲ್ಲಿಯೇ ತಡೆಯಲು ಒಬ್ಬರು ನಿಲ್ಲಬೇಕು. ರಕ್ತ ಸುರಿಯುವ ಕಡೆ ಶುದ್ಧವಾದ ಬಟ್ಟೆಯನ್ನು ಮಡಿಸಿಟ್ಟು ಅಂಗೈಯಿಂದ ಬಲವಾಗಿ ಒತ್ತಿಹಿಡಿಯಬೇಕು. ಮೇಲಿಂದ ಮೇಲೆ ತೆಗೆದು ನೋಡಬಾರದು. ಅರಿಶಿನ, ಕಾಫಿಪುಡಿ, ಸುಣ್ಣ, ಸೊಪ್ಪಿನ ರಸ ಯಾವುದನ್ನೂ ಹಾಕಬಾರದು. ಆಯುರ್ವೇದ ವೈದ್ಯರೇ ಹೀಗೆ ಹೇಳುತ್ತಾರಲ್ಲ ಎಂದು ಆಶ್ಚರ್ಯಪಡಬೇಡಿ. ಪ್ರತಿಯೊಂದಕ್ಕೂ ಅದರದರ ಕಾಲವಿದೆ.

ಬೆಂಕಿಯ ಅಪಾಯವಿಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬಾರದು. ಕುತ್ತಿಗೆ, ಬೆನ್ನುಗಳು ತಿರುಚಿದರೆ ಬದುಕಿದವನು ಜೀವನಪೂರ್ತಿ ಹಾಸಿಗೆ ಹಿಡಿಯಬಹುದು. ಬಾಯಿಗೆ ನೀರು, ಸೋಡಾ, ಕಾಫಿ ಏನನ್ನೂ ಹಾಕಬಾರದು. ಮುರಿದ ಕಾಲಿಗೆ ಬಿದಿರು ದಬ್ಬೆಯನ್ನೋ ರಟ್ಟನ್ನೋ ಆಸರೆಯಾಗಿಟ್ಟು ಸಡಿಲವಾಗಿ ಕಟ್ಟಬಹುದು. ಮೂಳೆ ಮುರಿದಾಗ ಬಿದಿರು, ಮರದ ತೊಗಟೆಗಳ ಆಸರೆಯನ್ನು ಸುಶ್ರುತರೂ ಹೇಳಿದ್ದಾರೆ. ಆದರೆ ಆಸ್ಪತ್ರೆಗೆ ಹೋಗದೆ ನಾಟಿ ಕಟ್ಟಿಗೆ ಒಯ್ದು ಬಿಗಿಯಾಗಿ ಕಟ್ಟಿಸಿದ್ದರಿಂದ ರಕ್ತಸಂಚಾರ ನಿಂತು ಕಾಲನ್ನೇ ತೆಗೆಯಬೇಕಾಗಿ ಬಂದ ಪ್ರಸಂಗಗಳುಂಟು. ನಮ್ಮ ಶಾಸ್ತ್ರದ ತೈಲ, ಕಷಾಯ, ಪಥ್ಯಗಳಿಗೆ ಅವಕಾಶ ಬರುವುದು ಶಸ್ತ್ರವೈದ್ಯರ ಕೆಲಸ ಮುಗಿದು ಮೂಳೆ ಕೂಡಿದ ಮೇಲೆ.

ತಲೆಗೆ ಪೆಟ್ಟು ಬಿದ್ದವರು ಎದ್ದು ಮಾತಾಡುತ್ತಿದ್ದರೂ ಮನೆಗೆ ಕಳುಹಿಸಬಾರದು. ಕೆಲವು ಗಂಟೆಗಳಾದ ಮೇಲೆ ವಾಂತಿ, ತೊದಲು, ಎಬ್ಬಿಸಿದರೂ ಏಳಲಾಗದ ಮಂಪರು ಕಂಡರೆ ತಲೆಯೊಳಗೆ ರಕ್ತ ಸೋರುತ್ತಿರಬಹುದು. ದಣಿದವನ ನಿದ್ರೆ ಔಷಧ. ತಲೆಗೆ ಪೆಟ್ಟು ಬಿದ್ದವನ ಮಂಪರು ಅಪಾಯದ ಗಂಟೆ.

ಕೊನೆಯ ಮಾತು

ಊರುಗೋಲು ಹಿಡಿದು ಬಂದ ಆ ಚಾಲಕರು ಮತ್ತೆ ಲಾರಿ ಹತ್ತಲಿಲ್ಲ. ಊರಿನಲ್ಲಿ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದಾರೆ. ಕಾಲಿನ ನೋವಿಗೆ ವರ್ಷಕ್ಕೆ ಒಂದೆರಡು ಸಲ ಬಂದು ತೈಲ ಒಯ್ಯುತ್ತಾರೆ. ಅಕ್ಕನ ಮನೆಯ ಕಡೆ ಇನ್ನೂ ಹೋಗಲಾಗಿಲ್ಲವೆಂದು ಒಮ್ಮೆ ಹೇಳಿದರು. ಅದಕ್ಕೆ ನಮ್ಮ ಬಳಿ ಔಷಧವಿಲ್ಲ.

ಅಂದಿನಿಂದ ನಮ್ಮಲ್ಲಿಗೆ ಬರುವ ಲಾರಿ, ಟಿಪ್ಪರ್, ಆಟೋ, ಬಸ್ಸು, ಟ್ರ್ಯಾಕ್ಟರ್ ಚಾಲಕರೆಲ್ಲರನ್ನೂ ನಾಡಿ ಹಿಡಿಯುವ ಮೊದಲೇ ಒಂದು ಪ್ರಶ್ನೆ ಕೇಳುತ್ತೇವೆ: ನಿನ್ನೆ ಎಷ್ಟು ಹೊತ್ತು ಮಲಗಿದಿರಿ? ಬಹಳ ಮಂದಿ ಉತ್ತರ ಹೇಳುವ ಮುನ್ನ ಬೆರಳು ಎಣಿಸುತ್ತಾರೆ. ಈ ಪ್ರಶ್ನೆಗೆ ವೈದ್ಯರೇ ಬೇಕಾಗಿಲ್ಲ. ಕೀಲಿಕೈ ಎತ್ತಿಕೊಂಡು ಹೊರಡುವ ಮಗನನ್ನು, ಗಂಡನನ್ನು, ಅಣ್ಣನನ್ನು ಹೊಸ್ತಿಲಿನಲ್ಲಿ ನಿಲ್ಲಿಸಿ ಮನೆಯವರೇ ಕೇಳಬಹುದು. ಉತ್ತರವು ಸಾಲದೆಂದು ತೋರಿದರೆ, ಲೋಡು ಒಂದು ಗಂಟೆ ತಡವಾಗಲಿ ಎಂದು ಹೇಳಿ ಚಾಪೆ ಹಾಸಿಕೊಡಿ.